ಬಿಗಿ ನ್ಯಾಯಮೂರ್ತಿಗೆ ಅಧ್ಯಕ್ಷ ಪದವಿ ಏಕೆ ಒಲಿಯಲಿಲ್ಲ?

ಪ್ರಶ್ನೆ: ದಕ್ಷಿಣ ಕೊರಿಯಾದ ಲೀ ಹೋಯ್-ಚಾಂಗ್ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು, ಪ್ರಾಮಾಣಿಕರೆಂದು ಹೆಸರಾದವರು. ಹಾಗಿದ್ದೂ ಅಧ್ಯಕ್ಷ ಚುನಾವಣೆಯಲ್ಲಿ ಮೂರು ಸಲ ಸೋತದ್ದು ಏಕೆ?

ಉತ್ತರ: ಅವರು ಗಳಿಸಿದ್ದ ಹೆಸರೇ ಅವರನ್ನು ಅಳೆಯುವ ಕೋಲಾಯಿತು ಎಂಬುದು ನನ್ನ ಅಭಿಪ್ರಾಯ.

ಆ ಹೆಸರು ಸುಮ್ಮನೆ ಬಂದದ್ದಲ್ಲ. 1981ರಲ್ಲಿ, ಸೇನಾಧಿಕಾರಿ ಚುನ್ ದೂ-ಹ್ವಾನ್ ದೇಶ ಆಳುತ್ತಿದ್ದಾಗ, ಲೀ ಇನ್ನೂ ಐವತ್ತು ತುಂಬದ ವಯಸ್ಸಿನಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ಸರ್ಕಾರಕ್ಕೆ ಹಿಡಿಸದ ಭಿನ್ನಮತದ ತೀರ್ಪುಗಳನ್ನು ಬರೆದರು. ಚುನಾವಣಾ ಆಯೋಗದ ಮುಖ್ಯಸ್ಥರಾಗಿದ್ದಾಗ ಉಪಚುನಾವಣೆಯ ಅಕ್ರಮಗಳನ್ನು ತಡೆಯಲಾಗಲಿಲ್ಲವೆಂದು 1989ರಲ್ಲಿ ರಾಜೀನಾಮೆ ಕೊಟ್ಟರು. 1993ರಲ್ಲಿ ಲೆಕ್ಕ ಪರಿಶೋಧನಾ ಮಂಡಳಿಯ ಅಧ್ಯಕ್ಷರಾಗಿ ಸೇನೆಯ ಶಸ್ತ್ರಾಸ್ತ್ರ ಖರೀದಿಯ ಕಡತಗಳನ್ನೇ ಬಿಚ್ಚಿಸಿದರು. ಅದೇ ವರ್ಷದ ಕೊನೆಯಲ್ಲಿ ಪ್ರಧಾನಿಯಾದರೂ, ಅಧಿಕಾರದ ವ್ಯಾಪ್ತಿಯ ಬಗ್ಗೆ ಅಧ್ಯಕ್ಷ ಕಿಮ್ ಯಂಗ್-ಸಾಮ್ ಅವರೊಡನೆ ಜಟಾಪಟಿ ನಡೆದು ನಾಲ್ಕು ತಿಂಗಳಲ್ಲೇ ಹೊರನಡೆದರು. ಜನರಿಗೆ ಬೇಕಿದ್ದದ್ದು ಇಂಥವರೇ.

ಆದರೆ ಮರೆಯಬಾರದ ಇನ್ನೊಂದು ಪುಟವೂ ಇದೆ. 1961ರ ಸೇನಾ ದಂಗೆಯ ನಂತರ ಪತ್ರಿಕೆಯೊಂದರ ಪ್ರಕಾಶಕ ಚೋ ಯಾಂಗ್-ಸೂ ಅವರಿಗೆ ಮರಣದಂಡನೆ ವಿಧಿಸಿದ ಪೀಠದಲ್ಲಿ ಯುವ ನ್ಯಾಯಾಧೀಶ ಲೀ ಕೂಡ ಇದ್ದರು. 2008ರಲ್ಲಿ ಮರುವಿಚಾರಣೆ ನಡೆಸಿದ ನ್ಯಾಯಾಲಯ ಚೋ ನಿರ್ದೋಷಿ ಎಂದು ಹೇಳಿತು.

1997ರಲ್ಲಿ ಲೀ ಆಡಳಿತ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾದರು. ಕೂಡಲೇ ಅವರ ಇಬ್ಬರು ಗಂಡುಮಕ್ಕಳ ಸುದ್ದಿ ಎದ್ದಿತು. ತೂಕ ಕಡಿಮೆಯೆಂದು ಇಬ್ಬರಿಗೂ ಸೇನಾ ಸೇವೆಯಿಂದ ವಿನಾಯಿತಿ ಸಿಕ್ಕಿತ್ತು, 179 ಸೆಂ.ಮೀ. ಎತ್ತರದ ಹಿರಿಯ ಮಗನ ತೂಕ 45 ಕೆ.ಜಿ. ಎಂದು ದಾಖಲಾಗಿತ್ತು. ಕೊರಿಯಾದಲ್ಲಿ ಆರೋಗ್ಯವಂತ ಗಂಡುಮಕ್ಕಳೆಲ್ಲ ಕಡ್ಡಾಯವಾಗಿ ಸೇನೆಗೆ ಹೋಗಬೇಕು. ಮಗನನ್ನು ಗಡಿಯ ಚಳಿಗೆ ಕಳಿಸಿ ಕಾದು ಕುಳಿತ ತಾಯಿಗೆ ಈ ಅಂಕಿ ಹೇಗೆ ಕಂಡಿರಬೇಕು! ವಿನಾಯಿತಿ ಕಾನೂನುಬದ್ಧ ಎಂಬ ವಾದ ನ್ಯಾಯಾಲಯಕ್ಕೆ ಸಾಕಾಗಬಹುದಿತ್ತು, ಮತದಾರರಿಗೆ ಸಾಲಲಿಲ್ಲ. ಅವರ ಜನಪ್ರಿಯತೆ ಕುಸಿದದ್ದನ್ನು ಕಂಡ ಅದೇ ಪಕ್ಷದ ನಾಯಕ ರೀ ಇನ್-ಜೇ ಪಕ್ಷ ಬಿಟ್ಟು ಸ್ಪರ್ಧಿಸಿ ಶೇ 19ರಷ್ಟು ಮತ ಕಿತ್ತುಕೊಂಡರು. ಅದೇ ಹೊತ್ತಿಗೆ ದೇಶ ಆರ್ಥಿಕ ಬಿಕ್ಕಟ್ಟಿಗೆ ಸಿಕ್ಕಿ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲಕ್ಕೆ ಕೈಯೊಡ್ಡಿತ್ತು. ವಿರೋಧ ಪಕ್ಷದ ಕಿಮ್ ಡೇ-ಜುಂಗ್ ಗೆದ್ದದ್ದು ಸುಮಾರು 3.9 ಲಕ್ಷ ಮತಗಳಿಂದ ಮಾತ್ರ.

2002ರಲ್ಲಿ ರೋ ಮೂ-ಹ್ಯುನ್ ಎದುರು ಸುಮಾರು 5.7 ಲಕ್ಷ ಮತಗಳ ಸೋಲು. ಮಕ್ಕಳ ವಿನಾಯಿತಿಗೆ ಲಂಚ ಕೊಡಲಾಗಿತ್ತೆಂಬ ಆರೋಪ ಈ ಸಲ ಮತ್ತೆ ಕೇಳಿಬಂತು. ಹಾಗೆಂದು ಹೇಳಿದ ವ್ಯಕ್ತಿ ಸುಳ್ಳು ಆರೋಪಕ್ಕಾಗಿ ಮುಂದೆ ಜೈಲಿಗೆ ಹೋದ, ಆದರೆ ಅಷ್ಟು ಹೊತ್ತಿಗೆ ಚುನಾವಣೆ ಮುಗಿದಿತ್ತು. ಇದು ಲೀ ಅವರಿಗೆ ಆದ ನಿಜವಾದ ಅನ್ಯಾಯ.

ಮರುವರ್ಷ ಹೊರಬಿದ್ದ ಸಂಗತಿಯನ್ನು ಮಾತ್ರ ಅನ್ಯಾಯ ಎನ್ನಲಾಗದು. 2002ರ ಚುನಾವಣೆಯ ಖರ್ಚಿಗೆಂದು ಹೆದ್ದಾರಿಯ ವಿಶ್ರಾಂತಿ ತಾಣವೊಂದರಲ್ಲಿ 1,500 ಕೋಟಿ ವಾನ್ (ಕೊರಿಯಾದ ಹಣ) ಅಕ್ರಮ ನಗದು ತುಂಬಿದ ಟ್ರಕ್ಕನ್ನೇ ಎಲ್‌ಜಿ ಕಂಪನಿ ಅವರ ಪಾಳಯಕ್ಕೆ ಒಪ್ಪಿಸಿತ್ತು. ಹೊಣೆ ತನ್ನದೇ ಎಂದು ಲೀ ತಾವಾಗಿಯೇ ಪ್ರಾಸಿಕ್ಯೂಟರ್ ಕಚೇರಿಗೆ ಹೋದರು. ಅವರ ಮೇಲೆ ಮೊಕದ್ದಮೆ ಹೂಡಲಿಲ್ಲ. ಜೈಲಿಗೆ ಹೋದವರು ಅವರ ಆಪ್ತರು. 2007ರಲ್ಲಿ ಪಕ್ಷೇತರರಾಗಿ ನಿಂತಾಗ ಅವರಿಗೆ ಸಿಕ್ಕಿದ್ದು ಶೇ 15ರಷ್ಟು ಮತ, ಮೂರನೆಯ ಸ್ಥಾನ.