ಗುಂಟೆಗೆ 250 ರೂಪಾಯಿ: ಕೊರೊನಾ ಕಾಲದ ಹೂವಿನ ಪರಿಹಾರ ಸಿಕ್ಕಿದ್ದು ಯಾರಿಗೆ?

2020ರ ಯುಗಾದಿ ಬಂದದ್ದು ಮಾರ್ಚ್ 25ಕ್ಕೆ. ಲಾಕ್‌ಡೌನ್ ಶುರುವಾದದ್ದೂ ಅವತ್ತೇ. ಹಬ್ಬಕ್ಕೆಂದೇ ಬೆಳೆದಿದ್ದ ಸೇವಂತಿಗೆ, ಗುಲಾಬಿ ಗಿಡದಲ್ಲೇ ಉಳಿದವು. ಕೊಳ್ಳೋರೇ ಇಲ್ಲದ ಮೇಲೆ ಬಿಡಿಸೋಕೆ ಕೂಲಿ ಕೊಡೋದೂ ನಷ್ಟ. ಹಿಂದೆಯೇ ಮದುವೆ, ಜಾತ್ರೆಗಳೂ ನಿಂತವು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಅರಳಿದ ತೋಟದ ಮೇಲೇ ಟ್ರ್ಯಾಕ್ಟರ್ ಹೊಡೆದರು.

ಇಂಥದ್ದಕ್ಕೆ ಪರಿಹಾರ ಕೊಡುವ ದಾರಿಯೇ ಸರ್ಕಾರದ ಹತ್ತಿರ ಇರಲಿಲ್ಲ. ಹಿಂದೆಲ್ಲ ಬರ ಬಂದರೆ ಕಂದಾಯ ಮಾಫಿ, ತಕ್ಕಾವಿ ಅನ್ನೋ ಸರ್ಕಾರಿ ಕೃಷಿ ಸಾಲ; ಆಮೇಲೆ 1990, 2008, 2018ರ ಸಾಲಮನ್ನಾಗಳು; 2019ರಿಂದ ಪಿಎಂ ಕಿಸಾನ್‌ನ ವರ್ಷಕ್ಕೆ 6,000. ವಿಪತ್ತು ಪರಿಹಾರ ನಿಧಿಯ ದುಡ್ಡು ಬರಬೇಕಂದ್ರೆ ಮಳೆಗೋ ಬರಕ್ಕೋ ಬೆಳೆ ಹಾಳಾಗಿರಬೇಕು. ಇಲ್ಲಿ ಬೆಳೆ ಚೆನ್ನಾಗೇ ಇತ್ತು, ಮಾರುಕಟ್ಟೆ ಸತ್ತಿತ್ತು.

ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿದರು. ಆಟೊ ಚಾಲಕರು, ಕ್ಷೌರಿಕರು, ಮಡಿವಾಳರು ಎಲ್ಲರೂ ಅದರಲ್ಲಿದ್ದರು. ಹೂವಿಗೆ ಹೆಕ್ಟೇರಿಗೆ 25,000, ಅದೂ ಒಂದು ಹೆಕ್ಟೇರಿಗೆ ಮಾತ್ರ. ಸರ್ಕಾರ ಹೇಳಿದ 11,687 ಹೆಕ್ಟೇರಿಗೆ ಗುಣಿಸಿದರೆ ಸುಮಾರು 29 ಕೋಟಿ. 1,610 ಕೋಟಿಯಲ್ಲಿ ಹೂವಿನ ಪಾಲು ಅಷ್ಟೇ. ಹೆಕ್ಟೇರಂದ್ರೆ ಹೆಚ್ಚುಕಮ್ಮಿ ನೂರು ಗುಂಟೆ; ಆ ಲೆಕ್ಕಕ್ಕೆ ಇಳಿಸಿದರೆ ಗುಂಟೆಗೆ ಸುಮಾರು 250 ರೂಪಾಯಿ.

ಮೇ 14ಕ್ಕೆ ಎರಡನೇ ಕಂತು. ಹಣ್ಣು, ತರಕಾರಿಗೆ ಹೆಕ್ಟೇರಿಗೆ 15,000. ಮೆಕ್ಕೆಜೋಳಕ್ಕೆ ಮಾತ್ರ ಹೆಕ್ಟೇರ್ ಲೆಕ್ಕವಿಲ್ಲ, ರೈತನಿಗೆ ಇಷ್ಟು ಅಂತ 5,000, ಹತ್ತು ಲಕ್ಷ ಜನಕ್ಕೆ. ಕೋಳಿ ತಿಂದರೆ ಕೊರೊನಾ ಬರುತ್ತೆ ಅನ್ನೋ ಗಾಳಿಸುದ್ದಿ, ಜೊತೆಗೆ ಮೈಸೂರು, ಹರಿಹರದ ಕಡೆ ಹಕ್ಕಿಜ್ವರ. ಕೋಳಿ ಮೇವಿಗೆ ಹೋಗೋ ಮೆಕ್ಕೆಜೋಳವನ್ನು ಕ್ವಿಂಟಲ್‌ಗೆ 1,760ರ ಬೆಂಬಲ ಬೆಲೆಗೂ ಕೇಳೋರಿರಲಿಲ್ಲ. ಒಂದು ಎಕರೆಯವನಿಗೂ ಹತ್ತು ಎಕರೆಯವನಿಗೂ ಅದೇ 5,000 ಯಾಕೆ ಅಂತ ಕೇಳಿದರೆ, ಹಂಚೋಕೆ ಸುಲಭ ಅನ್ನೋದು ಬಿಟ್ಟು ನನಗೆ ಬೇರೆ ಉತ್ತರ ಹೊಳೆಯೋದಿಲ್ಲ.

ನಿಜವಾದ ಗೋಜಲು ಶುರುವಾದದ್ದು ಪಟ್ಟಿ ಬಂದಮೇಲೆ. ದುಡ್ಡು ಹೋಗೋದು ಆಧಾರ್ ಜೋಡಿಸಿದ ಖಾತೆಗೆ, ಬೆಳೆ ಯಾವುದು ಅನ್ನೋದಕ್ಕೆ ಬೆಳೆ ಸಮೀಕ್ಷೆಯೇ ಸಾಕ್ಷಿ. ಆ ಸಮೀಕ್ಷೆ ಮಾಡಿದ್ದು ಊರಿನ ಹುಡುಗರು, ಮೊಬೈಲ್ ಹಿಡಿದು, ಸರ್ವೆ ನಂಬರ್ ನೋಡಿ, ಫೋಟೊ ತೆಗೆದು. ಅವರು ಮುಂಗಾರಿನಲ್ಲಿ ಬಂದಾಗ ಹೊಲದಲ್ಲಿ ರಾಗಿ. ಆಮೇಲೆ ಯುಗಾದಿಗೆ ಅಂತ ಸೇವಂತಿಗೆ ನಾಟಿ ಮಾಡಿದ್ದರೆ ಅದು ಯಾವ ಫೋಟೊದಲ್ಲೂ ಇಲ್ಲ. ಇನ್ನು ಇನ್ನೊಬ್ಬರ ಜಮೀನು ಮಾಡೋರ ಕಥೆ ಕೇಳಲೇಬೇಡಿ. 1974ರ ಭೂಸುಧಾರಣೆ ಆದಮೇಲೆ ಗೇಣಿ ಅನ್ನೋದು ಕಾಗದದಲ್ಲಿ ಇಲ್ಲ, ಹೊಲದಲ್ಲಿ ಮಾತ್ರ ಇದೆ. ಗಿಡ ನೆಟ್ಟವರು ಒಬ್ಬರು, ಜಮೀನಿನ ದಾಖಲೆಯಾದ ಪಹಣಿಯಲ್ಲಿ ಹೆಸರಿದ್ದು ಪರಿಹಾರ ಪಡೆದವರು ಇನ್ನೊಬ್ಬರು.

ನಮ್ಮೂರಲ್ಲೇ ಒಬ್ಬ ಅಕ್ಕನಿಗೆ ಹತ್ತು ಗುಂಟೆ ಕನಕಾಂಬರ ಇತ್ತು. ಪಹಣಿಯಲ್ಲಿ ತೀರಿಹೋದ ಮಾವನ ಹೆಸರು. ಮೈದುನರ ಜೊತೆ ಭಾಗ ಆಗಿಲ್ಲ, ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಮಾಡೋ ಪೌತಿ ಖಾತೆಯೂ ಆಗಿಲ್ಲ. ಅವರಿಗೆ ಬರಬೇಕಿದ್ದದ್ದು 2,500. ಪಹಣಿ, ಆಧಾರ್, ಪಾಸ್‌ಬುಕ್ ಜೆರಾಕ್ಸ್ ಹಿಡ್ಕೊಂಡು ನಾಲ್ಕು ಸಲ ಓಡಾಡಿದರು. ಬಸ್ಸಿಲ್ಲ, ಮಗನ ಬೈಕಿಗೆ ಪೆಟ್ರೋಲು. "ಸಾಕು ಬಿಡಪ್ಪ, ಇನ್ನೆರಡು ಸಲ ಹೋದ್ರೆ ನಾನೇ ಸರ್ಕಾರಕ್ಕೆ ಕೊಟ್ಟಂಗಾಗುತ್ತೆ" ಅಂದರು.

ಅದೇ ವರ್ಷದ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ಫೋಟೊ ಹಾಕುವ ಆ್ಯಪ್ ಬಂತು. ಒಳ್ಳೇದೇ. ಆದರೆ ಆ್ಯಪ್ ತೆರೆದರೂ ಮಾಲೀಕರ ಜಾಗದಲ್ಲಿ ಕಾಣೋದು ಪಹಣಿಯಲ್ಲಿರುವ ಹೆಸರೇ ಅಲ್ವಾ?

2021ರ ಎರಡನೇ ಅಲೆಗೆ ಮತ್ತೆ ಪ್ಯಾಕೇಜ್, ಮೇ 19ಕ್ಕೆ, 1,250 ಕೋಟಿ. ಈ ಸಲ ಹೂವಿಗೂ ತರಕಾರಿಗೂ ಹೆಕ್ಟೇರಿಗೆ 10,000, ಅಂದ್ರೆ ಗುಂಟೆಗೆ 100. ಅಷ್ಟರಲ್ಲಿ ಅಕ್ಕ ಕನಕಾಂಬರ ಕಿತ್ತು ಹಿಪ್ಪುನೇರಳೆ ಹಾಕಿದ್ದರು. ಪಹಣಿಯಲ್ಲಿ ಮಾವನ ಹೆಸರು ಹಾಗೇ ಇತ್ತು.