ಪರದೆ ಕಾಣದವರು ಕಂಪ್ಯೂಟರ್ ಗೇಮ್ ಹೇಗೆ ಆಡುತ್ತಾರೆ?

ಓದುಗರ ಪ್ರಶ್ನೆ: ಕಣ್ಣು ಕಾಣದವರಿಗೂ ಕಂಪ್ಯೂಟರ್ ಗೇಮ್‌ಗಳಿವೆ ಅಂತ ಕೇಳಿದೆ. ಪರದೆಯೇ ಕಾಣದಿದ್ದರೆ ಆಡೋದು ಹೇಗೆ? ಇದೆಲ್ಲ ಯಾವಾಗ, ಯಾರಿಂದ ಶುರುವಾಯಿತು?

ಉತ್ತರ: ಈ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ಕೇಳುವಾಗಲೇ ಮನಸ್ಸಿನಲ್ಲಿ ಒಂದು ಊಹೆಯೂ ಇರುತ್ತದೆ. ಮೊದಲು ಕಣ್ಣಿದ್ದವರಿಗೆ ಆಟ ಬಂತು, ಆಮೇಲೆ ಯಾವುದೋ ದೊಡ್ಡ ಕಂಪನಿ ಕನಿಕರಪಟ್ಟು ಅದನ್ನೇ ಸ್ವಲ್ಪ ತಿದ್ದಿ ಅಂಧರಿಗೂ ಕೊಟ್ಟಿತು ಅಂತ. ನಡೆದದ್ದು ಬೇರೆ ಥರ. ಶುರುವಿನ ಕೆಲವು ಆಟಗಳು ಯಾರೂ ಉದ್ದೇಶಿಸದೆಯೇ ಅಂಧರ ಕೈಗೆ ಬಂದವು. ಆಮೇಲಿನ ಹೆಚ್ಚಿನ ಆಟಗಳನ್ನು ಅಂಧ ಪ್ರೋಗ್ರಾಮರ್‌ಗಳು ಮತ್ತು ಅಂಧ ಆಟಗಾರರನ್ನು ಹತ್ತಿರದಿಂದ ಬಲ್ಲ ಕೆಲವೇ ಕೆಲವರು ಕೂತು ಬರೆದರು. ಕನಿಕರಕ್ಕಿಂತ ಆಡುವ ಆಸೆಯೇ ಅಲ್ಲಿ ಜಾಸ್ತಿ ಕೆಲಸ ಮಾಡಿತು.

ಮೊದಲು 'ಹೇಗೆ' ಅನ್ನೋದನ್ನು ನೋಡೋಣ. 2012ರಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್ ನಾಯಕರಾಗಿದ್ದ ಭಾರತ ತಂಡ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಕಪ್ ಗೆದ್ದಿತು. ಆ ಆಟದ ಚೆಂಡು ಗಟ್ಟಿ ಪ್ಲಾಸ್ಟಿಕ್‌ನದು. ಒಳಗೆ ಬಾಲ್ ಬೇರಿಂಗ್ ಗುಂಡುಗಳಿರುತ್ತವೆ. ನೆಲದ ಮೇಲೆ ಉರುಳುತ್ತಾ ಬರುವಾಗ ಗಲಗಲ ಅನ್ನುತ್ತದೆ. ಆ ಸದ್ದು ಎಲ್ಲಿಂದ ಬರುತ್ತಿದೆ, ಎಷ್ಟು ಜೋರಾಗುತ್ತಿದೆ, ಎತ್ತ ವಾಲುತ್ತಿದೆ ಅಂತ ಕಿವಿಯಿಂದಲೇ ಅಳೆದು ಬ್ಯಾಟ್ ಬೀಸುತ್ತಾರೆ. ಬರೀ ಸದ್ದು ಕೇಳಿ ಆಡುವ ಕಂಪ್ಯೂಟರ್ ಆಟ, ಅಂದರೆ ಆಡಿಯೋ ಗೇಮ್‌ನ ಒಳಗುಟ್ಟೂ ಇದೇ. ಇಲ್ಲಿ ಚೆಂಡಿನ ಬದಲು ಹೆಡ್‌ಫೋನ್ ಇರುತ್ತದೆ, ಅಷ್ಟೆ.

ನಮ್ಮ ಕಿವಿಗಳ ಲೆಕ್ಕ ಎಷ್ಟು ಸೂಕ್ಷ್ಮ ಅಂದರೆ ನಂಬುವುದೇ ಕಷ್ಟ. ಎಡಗಡೆಯಿಂದ ಬಂದ ಸದ್ದು ಬಲಗಿವಿಯನ್ನು ತಲುಪುವಾಗ ಒಂದು ಚೂರು ತಡವಾಗಿರುತ್ತದೆ. ತೀರಾ ಪಕ್ಕದಿಂದ ಬಂದರೂ ಆ ತಡ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ತಲೆ ಅಡ್ಡ ಬರುವುದರಿಂದ ಸದ್ದು ಅಲ್ಲಿ ಸ್ವಲ್ಪ ಮೆತ್ತಗೂ ಆಗಿರುತ್ತದೆ. ಇವೆರಡರಿಂದಲೇ ಮಿದುಳು ದಿಕ್ಕನ್ನು ಹೇಳಿಬಿಡುತ್ತದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದರೆ ತಿರುಗಿ ನೋಡದೆಯೂ ಅದು ಎಲ್ಲಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಆಟ ಬರೆಯುವವರು ಇದನ್ನೇ ಹಿಂದುಮುಂದಾಗಿ ಮಾಡುತ್ತಾರೆ. ಒಂದೇ ಸದ್ದನ್ನು ಎಡಗಿವಿಗೆ ಜೋರಾಗಿ, ಬಲಗಿವಿಗೆ ಮೆಲ್ಲಗೆ ಕೇಳಿಸಿದರೆ ಶತ್ರು ಎಡಕ್ಕೆ ನಿಂತ ಹಾಗೆ. ಬಾಣದ ಕೀ ಒತ್ತುತ್ತಾ ಆ ಸದ್ದನ್ನು ಎರಡೂ ಕಿವಿಗಳ ನಡುವೆ ತಂದರೆ ಅವನು ನೇರ ಎದುರಿಗಿದ್ದಾನೆ. ಆಗ ಗುಂಡು ಹಾರಿಸಬೇಕು.

ಒಂದು ತೊಡಕಿದೆ. ಎದುರಿನ ಸದ್ದೂ ಬೆನ್ನ ಹಿಂದಿನ ಸದ್ದೂ ಎರಡು ಕಿವಿಗೆ ಒಂದೇ ಹೊತ್ತಿಗೆ ಬರುತ್ತವೆ. ಹೆಡ್‌ಫೋನಿನಲ್ಲಿ ಇವೆರಡನ್ನೂ ಬೇರೆ ಮಾಡುವುದು ಕಷ್ಟ. ಹಾಗಾಗಿ ಹಿಂದಿರುವ ಸದ್ದನ್ನು ಬಟ್ಟೆ ಮುಚ್ಚಿದ ಹಾಗೆ ಸ್ವಲ್ಪ ಮಂದ ಮಾಡುವ ಉಪಾಯ ಬಳಕೆಗೆ ಬಂತು. ಮೇಲೆ ಕೆಳಗೆ ತಿಳಿಸಲು ಸ್ವರವನ್ನು ಏರಿಸುವುದು, ಇಳಿಸುವುದು ಇನ್ನೊಂದು ಉಪಾಯ.

ಈಗ ಶುರು ಎಲ್ಲಿಂದ ಅನ್ನುವ ಮಾತು. 1974ರಲ್ಲಿ ಅಟಾರಿ ಕಂಪನಿ 'ಟಚ್ ಮಿ' ಅನ್ನೋ ಆರ್ಕೇಡ್ ಯಂತ್ರ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರ ತಂದಿತು. ನಾಲ್ಕು ಗುಂಡಿ, ನಾಲ್ಕು ದೀಪ, ನಾಲ್ಕು ಸದ್ದು. ಯಂತ್ರ ನುಡಿಸಿದ ಕ್ರಮದಲ್ಲೇ ನೀವೂ ಗುಂಡಿ ಒತ್ತಬೇಕು. ಇದನ್ನು ಒಂದು ಪ್ರದರ್ಶನದಲ್ಲಿ ನೋಡಿದ ರಾಲ್ಫ್ ಬೇರ್‌ಗೆ ಆಟ ಹಿಡಿಸಿತು, ಅದರ ಸದ್ದು ಮಾತ್ರ ಸ್ವಲ್ಪವೂ ಹಿಡಿಸಲಿಲ್ಲ. ಅವರು ಹೊವರ್ಡ್ ಮಾರಿಸನ್ ಜೊತೆ ಸೇರಿ ಮಾಡಿದ 'ಸೈಮನ್' 1978ರಲ್ಲಿ ಅಂಗಡಿಗೆ ಬಂತು. ಯಾವ ಕ್ರಮದಲ್ಲಿ ನುಡಿಸಿದರೂ ಇಂಪಾಗಿ ಕೇಳಬೇಕು ಅಂತ ಬೇರ್ ಅದಕ್ಕೆ ಕಹಳೆಯ ನಾಲ್ಕು ಸ್ವರಗಳನ್ನು ಆರಿಸಿಕೊಂಡಿದ್ದರು. ಪ್ರತಿ ಬಣ್ಣಕ್ಕೆ ಅದರದೇ ಸ್ವರ, ಅದರದೇ ಜಾಗ. ಬಣ್ಣ ಕಾಣದ ಮಗುವೂ ಕೈಯಿಂದ ಜಾಗ ಹಿಡಿದು, ಕಿವಿಯಿಂದ ಕ್ರಮ ಹಿಡಿದು ಆಡಬಹುದಾಗಿತ್ತು. ಟಿವಿಗೆ ಜೋಡಿಸುವ ಮೊದಲ ಮನೆ ಗೇಮ್ ಯಂತ್ರ 1972ರ ಮ್ಯಾಗ್ನಾವಾಕ್ಸ್ ಒಡಿಸ್ಸಿಯ ಹಿಂದಿದ್ದವರೂ ಇದೇ ಬೇರ್. ವಿಡಿಯೋ ಗೇಮ್‌ಗೆ ದಾರಿ ಮಾಡಿದ ಮನುಷ್ಯನೇ ವಿಡಿಯೋ ಬೇಡದ ಆಟವನ್ನೂ ಮಾಡಿದರು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ.

ಆದರೆ ಸೈಮನ್ ಆಟಿಕೆ. ಕಂಪ್ಯೂಟರ್‌ನಲ್ಲಿ ನಿಜವಾದ ಬಾಗಿಲು ತೆರೆದದ್ದು ಅಕ್ಷರ. ವಿಲ್ ಕ್ರೌಥರ್ ಅನ್ನೋ ಅಮೆರಿಕದ ಪ್ರೋಗ್ರಾಮರ್‌ಗೆ ಗುಹೆಗಳಲ್ಲಿ ಓಡಾಡುವ ಹುಚ್ಚಿತ್ತು. ಕೆಂಟಕಿಯ ಮ್ಯಾಮತ್ ಗುಹೆಯನ್ನು ನೆನಪಿಟ್ಟುಕೊಂಡು, ತಮ್ಮ ಹೆಣ್ಣುಮಕ್ಕಳು ಆಡಲಿ ಅಂತ 1976ರ ಸುಮಾರಿಗೆ 'ಅಡ್ವೆಂಚರ್' ಬರೆದರು. ಮರುವರ್ಷ ಡಾನ್ ವುಡ್ಸ್ ಅದನ್ನು ಬೆಳೆಸಿದರು. ಅದರಲ್ಲಿ ಚಿತ್ರವೇ ಇಲ್ಲ. ನೀವು ಎಲ್ಲಿದ್ದೀರಿ, ಸುತ್ತ ಏನಿದೆ ಅಂತ ಕಂಪ್ಯೂಟರ್ ವಾಕ್ಯದಲ್ಲಿ ಹೇಳುತ್ತದೆ. ಉತ್ತರಕ್ಕೆ ಹೋಗು, ದೀಪ ತಗೋ ಅಂತ ನೀವು ಇಂಗ್ಲಿಷಿನಲ್ಲಿ ಒಂದೆರಡು ಪದ ಟೈಪ್ ಮಾಡಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೆಲವರು ಬರೆದ 'ಝೋರ್ಕ್' ಇದೇ ಹಾದಿಯಲ್ಲಿ ಬಂತು. ಅದನ್ನು ಮಾರಿದ ಇನ್ಫೋಕಾಂ ಕಂಪನಿ 1979ರಲ್ಲಿ ಹುಟ್ಟಿತು.

ಇವು ಅಂಧರಿಗಾಗಿ ಬರೆದ ಆಟಗಳಲ್ಲ. ಆದರೂ ಅಂಧರಿಗೆ ಇಷ್ಟು ಚೆನ್ನಾಗಿ ಹೊಂದುವ ಆಟ ಇನ್ನೊಂದಿರಲಿಲ್ಲ. ಆಟದಲ್ಲಿ ಇರೋದೆಲ್ಲ ಅಕ್ಷರ. ಆ ಅಕ್ಷರವನ್ನು ಯಂತ್ರ ಗಟ್ಟಿಯಾಗಿ ಓದಿದರೆ ಸಾಕು. ನೀವು ಯೋಚಿಸುವ ತನಕ ಆಟ ಕಾಯುತ್ತದೆ, ಅವಸರವಿಲ್ಲ. ಎಲ್ಲಕ್ಕಿಂತ ದೊಡ್ಡದು, ಕಣ್ಣಿದ್ದವರಿಗೂ ಇಲ್ಲದವರಿಗೂ ಸಿಗುವ ಮಾಹಿತಿ ಒಂದೇ. ಗುಹೆ ಕಣ್ಣಿದ್ದವರಿಗೂ ಕಾಣುತ್ತಿರಲಿಲ್ಲ. ಅವರು ಹಾಳೆಯ ಮೇಲೆ ನಕ್ಷೆ ಬರೆದುಕೊಂಡರೆ ಇವರು ತಲೆಯಲ್ಲಿ ಇಟ್ಟುಕೊಳ್ಳಬಹುದಿತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಬರೆದ 'ಮಡ್' ಆಟವೂ ಅಕ್ಷರದ್ದೇ. ಹಲವರು ಒಂದೇ ಲೋಕದಲ್ಲಿ ಒಟ್ಟಿಗೆ ಆಡುವ ಆ ಬಗೆಯ ಆಟಗಳನ್ನು ಇವತ್ತಿಗೂ ಅಂಧ ಆಟಗಾರರು ಬಿಟ್ಟಿಲ್ಲ.

ಅಕ್ಷರವನ್ನು ಓದುವ ಯಂತ್ರ ಎಲ್ಲಿತ್ತು ಅಂತ ಕೇಳಬಹುದು. 80ರ ದಶಕದಲ್ಲಿ ಆಪಲ್ 2 ಕಂಪ್ಯೂಟರ್‌ಗೆ 'ಎಕೋ' ಅನ್ನೋ ಮಾತಾಡುವ ಕಾರ್ಡ್ ಸಿಗುತ್ತಿತ್ತು. ದನಿ ಒರಟು, ಆದರೂ ಅರ್ಥವಾಗುತ್ತಿತ್ತು. ಐಬಿಎಂನಲ್ಲಿ ಜಿಮ್ ಥ್ಯಾಚರ್ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಪ್ರೋಗ್ರಾಂ ಬರೆದರು. ಅವರ ಗುರು, ಗಣಿತಜ್ಞ ಜೆಸ್ಸಿ ರೈಟ್ ಅಂಧರಾಗಿದ್ದರು. 1989ರಲ್ಲಿ, ವಿಂಡೋಸ್‌ಗೆ ಮುಂಚಿನ ಅಕ್ಷರದ ವ್ಯವಸ್ಥೆಯಾದ ಡಾಸ್‌ಗೆ 'ಜಾಸ್' ಅನ್ನೋ ಸ್ಕ್ರೀನ್ ರೀಡರ್ ಬಂತು. ಅದರ ಹಿಂದಿದ್ದ ಟೆಡ್ ಹೆಂಟರ್ ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದವರು, 1978ರ ಕಾರು ಅಪಘಾತದಲ್ಲಿ ಕಣ್ಣು ಕಳೆದುಕೊಂಡವರು.

ಇಲ್ಲಿಗೆ ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಕಂಪ್ಯೂಟರ್ ಲೋಕವೇ ಬದಲಾಯಿತು. ಡಾಸ್‌ನಲ್ಲಿ ಪರದೆಯ ಅಕ್ಷರಗಳು ಮೆಮೊರಿಯಲ್ಲೂ ಅಕ್ಷರಗಳಾಗಿಯೇ ಇರುತ್ತಿದ್ದವು. ಸ್ಕ್ರೀನ್ ರೀಡರ್ ಅವನ್ನು ಸುಮ್ನೆ ಎತ್ತಿ ಓದಿದರಾಯಿತು. ವಿಂಡೋಸ್‌ನಲ್ಲಿ ಎಲ್ಲವೂ ಚಿತ್ರವಾಯಿತು, ಅಕ್ಷರ ಕೂಡ ಚುಕ್ಕಿಗಳ ಚಿತ್ರವೇ. ಆಟಗಳಂತೂ ಪೂರಾ ಚಿತ್ರದ ಕಡೆ ಹೋದವು. ಇನ್ಫೋಕಾಂ 1989ರಲ್ಲಿ ಬಾಗಿಲು ಮುಚ್ಚಿತು. 1993ರಲ್ಲಿ 'ಡೂಮ್' ಅನ್ನೋ ಗುಂಡು ಹಾರಿಸುವ ಆಟ ಬಂತು. ಗೆಳೆಯರೆಲ್ಲ ಅದನ್ನು ಆಡುತ್ತಿದ್ದರೆ ಅಂಧ ಹುಡುಗ ಪಕ್ಕದಲ್ಲಿ ಕೂತು ಸದ್ದು ಕೇಳಬೇಕಾಯಿತು. ಹತ್ತು ವರ್ಷ ತೆರೆದಿದ್ದ ಬಾಗಿಲು ಮುಖದ ಮೇಲೇ ಮುಚ್ಚಿಕೊಂಡ ಹಾಗೆ. ಇದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಯಾರೂ ಇವರನ್ನು ನೆನೆಯಲಿಲ್ಲ, ಅಷ್ಟೆ.

ಆಗ ಇವರೇ ಎದ್ದರು. ಜಿಮ್ ಕಿಚನ್ ಅನ್ನೋ ಅಮೆರಿಕದ ಅಂಧ ಪ್ರೋಗ್ರಾಮರ್ ಡಾಸ್‌ಗೆ ಒಂದರ ಮೇಲೊಂದು ಪುಟ್ಟ ಆಟ ಬರೆದು ಪುಕ್ಕಟೆ ಹಂಚಿದರು. ಆಮೇಲೆ ವಿಂಡೋಸ್‌ಗೂ ಬರೆದರು. ಕೆನಡಾದ ಮೈಕಲ್ ಫೀರ್ 1996ರಲ್ಲಿ 'ಆಡಿಸ್ಸಿ' ಅನ್ನೋ ಇ-ಪತ್ರಿಕೆ ಶುರು ಮಾಡಿದರು. ಅಂಧರು ಆಡಬಹುದಾದ ಆಟಗಳಿಗಾಗಿಯೇ ಇದ್ದ ಪತ್ರಿಕೆ ಅದು. ಯಾವ ಆಟ ಎಲ್ಲಿ ಸಿಗುತ್ತದೆ, ಯಾವುದು ಸ್ಕ್ರೀನ್ ರೀಡರ್ ಜೊತೆ ಓಡುತ್ತದೆ ಅನ್ನೋ ಸುದ್ದಿ ಹರಡದಿದ್ದರೆ ಇಂಥ ಆಟ ಬರೆದೂ ಪ್ರಯೋಜನವಿರಲಿಲ್ಲ. ಹೊತ್ತಿಗೆ ಸರಿಯಾಗಿ ಸೌಂಡ್ ಕಾರ್ಡ್‌ಗಳೂ ಮನೆಮನೆಗೆ ಬಂದಿದ್ದವು. ಹಳೆಯ ಪಿಸಿಯ 'ಬೀಪ್' ಬಿಟ್ಟು, ಎಡ-ಬಲ ಬೇರೆಬೇರೆಯಾಗಿ ಕೇಳುವ ನಿಜವಾದ ದನಿ ಸಿಕ್ಕಿತು.

ಇದೇ ಹೊತ್ತಿಗೆ ಜಪಾನಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಕೆಂಜಿ ಎನೊ, 'ವಾರ್ಪ್' ಕಂಪನಿಯ ಯುವಕ. 'ಡಿ' ಅನ್ನೋ ಆಟದಿಂದ ಹೆಸರು ಮಾಡಿದ್ದರು. ಅವರಿಗೆ ಅಂಧ ಅಭಿಮಾನಿಗಳಿಂದ ಪತ್ರಗಳು ಬಂದವು. ಎನೊ ಅಂಥವರನ್ನು ಹೋಗಿ ನೋಡಿದರು. ಅವರು ಮಾಮೂಲಿ ಆ್ಯಕ್ಷನ್ ಆಟಗಳನ್ನೇ ಬರೀ ಸದ್ದಿನ ಆಧಾರದ ಮೇಲೆ, ಬಹಳ ಕಷ್ಟಪಟ್ಟು ಆಡುತ್ತಿದ್ದರು. ಇವರೂ ಕಣ್ಣಿದ್ದವರೂ ಒಂದೇ ಸಮನಾಗಿ ಆಡುವಂಥದ್ದು ಮಾಡಬೇಕು ಅಂತ ಎನೊಗೆ ಅನ್ನಿಸಿತು. ಹಾಗೆ ಹುಟ್ಟಿದ್ದು 'ರಿಯಲ್ ಸೌಂಡ್: ಕಾಜೆ ನೊ ರಿಗ್ರೆಟ್'. 1997ರ ಜುಲೈನಲ್ಲಿ, ಸೆಗಾ ಕಂಪನಿಯ ಮನೆ ಗೇಮ್ ಯಂತ್ರ ಸ್ಯಾಟರ್ನ್‌ಗೆ ಬಂತು. ಯಂತ್ರ ಹಾಕಿದರೆ ಪರದೆ ಕಪ್ಪು. ಕಥೆ ಪೂರ್ತಿ ದನಿಯಲ್ಲೇ ನಡೆಯುತ್ತದೆ, ನಮ್ಮ ಆಕಾಶವಾಣಿಯ ನಾಟಕದ ಹಾಗೆ. ಕಥೆ ಕವಲೊಡೆಯುವ ಜಾಗದಲ್ಲಿ ಗಂಟೆ ಬಾರಿಸಿದ ಸದ್ದು. ಆಗ ನೀವು ದಾರಿ ಆರಿಸಬೇಕು. ಸಂಭಾಷಣೆ ಬರೆದವರು ಯೂಜಿ ಸಕಾಮೊಟೊ, ಆಗಲೇ ಟಿವಿ ಧಾರಾವಾಹಿಗಳಿಂದ ಹೆಸರಾಗಿದ್ದವರು.

ಆ ಆಟವನ್ನು ಸೆಗಾ ತನ್ನ ಯಂತ್ರಕ್ಕೆ ಮಾತ್ರ ಕೇಳಿದಾಗ ಎನೊ ಒಂದು ಷರತ್ತು ಹಾಕಿದರು. ಅಂಧರಿಗೆ 1000 ಸ್ಯಾಟರ್ನ್ ಯಂತ್ರ ದಾನ ಕೊಡಿ, 1000 ಪ್ರತಿ ಆಟ ನಾನು ಕೊಡುತ್ತೇನೆ ಅಂತ. ಸೆಗಾ ಒಪ್ಪಿತು. ಡಬ್ಬಿಯಲ್ಲಿ ಬ್ರೈಲ್‌ನಲ್ಲಿ ಬರೆದ ಸೂಚನೆಗಳಿದ್ದವು. ಜೊತೆಗೆ ಒಂದು ಪೊಟ್ಟಣ ಗಿಡಮೂಲಿಕೆ ಬೀಜ ಕೂಡ! 1999ರಲ್ಲಿ ಸೆಗಾದ ಮುಂದಿನ ಯಂತ್ರ ಡ್ರೀಮ್‌ಕಾಸ್ಟ್‌ಗೆ ಮತ್ತೆ ಬಂದಾಗ ಬೇಕಾದವರಿಗೆ ಅಂತ ಚಿತ್ರಗಳನ್ನೂ ಸೇರಿಸಿದ್ದರು. ನನಗೆ ಮಾತ್ರ ಆ ಕಪ್ಪು ಪರದೆಯೇ ಸರಿ ಅನ್ನಿಸುತ್ತದೆ. ಅದರ ಮುಂದೆ ಯಾರಿಗೂ ಜಾಸ್ತಿ ಇಲ್ಲ, ಯಾರಿಗೂ ಕಡಿಮೆ ಇಲ್ಲ. ಎನೊ 2013ರಲ್ಲಿ, ಬರೀ 42ನೇ ವಯಸ್ಸಿಗೆ ತೀರಿಕೊಂಡರು.

ಕಥೆ ಕೇಳುವುದು ಒಂದಾಯಿತು. ಓಡಾಡಿ ಹೊಡೆದಾಡುವ ಆಟ? ಅದಕ್ಕೆ ಉತ್ತರ 2001ರ 'ಶೇಡ್ಸ್ ಆಫ್ ಡೂಮ್'. ಕೆನಡಾದ ಡೇವಿಡ್ ಗ್ರೀನ್‌ವುಡ್ ಅವರ ಜಿಎಂಎ ಗೇಮ್ಸ್ ಇದನ್ನು ತಂದಿತು. ಹೆಸರೇ ಹೇಳುವ ಹಾಗೆ, ಪಕ್ಕದಲ್ಲಿ ಕೂತು ಕೇಳಬೇಕಾಗಿದ್ದ ಆ ಡೂಮ್ ಈಗ ಅಂಧ ಹುಡುಗನ ಕೈಗೇ ಬಂದ ಹಾಗೆ. ಇಂಥ ಆಟಗಳಲ್ಲಿ ನಡೆಯುವುದೇ ಒಂದು ವಿದ್ಯೆ. ಬಲಗಡೆ ಗಾಳಿ ಬೀಸುವ ಸದ್ದು ಬಂದರೆ ಅಲ್ಲೊಂದು ದಾರಿ ತೆರೆದಿದೆ. ಹೆಜ್ಜೆ ಸದ್ದು ಬದಲಾದರೆ ನೆಲ ಬದಲಾಗಿದೆ. ಗೋಡೆಗೆ ತಾಗಿದರೆ 'ಧಪ್'. ಯಂತ್ರದ ಗುಂಯ್‌ಗುಡುವಿಕೆ ಬರಬರುತ್ತಾ ಜೋರಾದರೆ ಹತ್ತಿರ ಹೋಗುತ್ತಿದ್ದೀರಿ. ಈ ಎಲ್ಲದರ ನಡುವೆ ಎಲ್ಲೋ ಒಂದು ಉಸಿರಾಟ ಕೇಳಿಸುತ್ತದೆ. ಮೊದಲ ಸಲ ಆಡುವವರಿಗೆ ಇದೆಲ್ಲ ಗದ್ದಲ. ಸ್ವಲ್ಪ ದಿನ ಆಡಿದ ಮೇಲೆ ಅದೇ ಗದ್ದಲ ಕೋಣೆಯಾಗುತ್ತದೆ, ಓಣಿಯಾಗುತ್ತದೆ.

2003ರಲ್ಲಿ ಎರಡು ಒಳ್ಳೆಯ ಸಂಗತಿ ನಡೆದವು. ಸ್ವೀಡನ್ನಿನ 'ಟೆರಾಫಾರ್ಮರ್ಸ್' ಆಟವನ್ನು ಚಿತ್ರದ ಜೊತೆಗೂ ಆಡಬಹುದಿತ್ತು, ಚಿತ್ರವಿಲ್ಲದೆಯೂ ಆಡಬಹುದಿತ್ತು. ಅದಕ್ಕೆ ಅಮೆರಿಕದ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ದನಿಯ ಹೊಸತನಕ್ಕೆ ಬಹುಮಾನ ಬಂತು. ಇನ್ನೊಂದು ಬ್ರಿಟನ್ನಿನ 'ಆಡಿಯೋಕ್ವೇಕ್'. 1996ರ 'ಕ್ವೇಕ್' ಆಟದ ಸೋರ್ಸ್ ಕೋಡನ್ನು, ಅಂದರೆ ಪ್ರೋಗ್ರಾಮರ್‌ಗಳು ಬರೆದ ಮೂಲ ಬರಹವನ್ನು, ಐಡಿ ಸಾಫ್ಟ್‌ವೇರ್ ಕಂಪನಿ 1999ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಅದನ್ನು ತೆಗೆದುಕೊಂಡು ಗೋಡೆ, ಬಾಗಿಲು, ಎದುರಾಳಿ ಇವನ್ನು ತಿಳಿಸುವ ಸದ್ದುಗಳನ್ನು ಸೇರಿಸಿದರು. ಹೊಸ ಆಟ ಮಾಡುವ ಬದಲು ಎಲ್ಲರೂ ಆಡುವ ಆಟಕ್ಕೇ ಕಿವಿಯ ದಾರಿ ಕೊಟ್ಟದ್ದು ಇದರ ಹೆಚ್ಚುಗಾರಿಕೆ. ಒಂದೇ ನಕ್ಷೆಯಲ್ಲಿ ಕಣ್ಣಿದ್ದವರೂ ಇಲ್ಲದವರೂ ಎದುರಾಗಬಹುದಿತ್ತು.

ಈ ಆಟಗಳೆಲ್ಲ ಮಾತಾಡಿದ್ದು ಇಂಗ್ಲಿಷ್ ಅಥವಾ ಜಪಾನಿ. ಕನ್ನಡದ ಅಂಧ ಓದುಗರಿಗೆ 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧ ಗೆಳೆಯರು ಶುರು ಮಾಡಿದ ಪುಕ್ಕಟೆ ಸ್ಕ್ರೀನ್ ರೀಡರ್ ಎನ್‌ವಿಡಿಎ ಚೆನ್ನಾಗಿ ಗೊತ್ತು. ಅದರ ಜೊತೆ ಬರುವ ಇ-ಸ್ಪೀಕ್ ಅನ್ನೋ ಕಂಪ್ಯೂಟರ್ ದನಿ ಕನ್ನಡವನ್ನೂ ಓದುತ್ತದೆ. ಅಂದರೆ ಯಾರಾದರೂ ಕನ್ನಡದಲ್ಲಿ ಒಂದು ಅಕ್ಷರದ ಸಾಹಸ ಆಟ ಬರೆದರೆ, ಅದನ್ನು ಓದಿ ಹೇಳುವ ದನಿ ಸಿದ್ಧವಾಗಿಯೇ ಇದೆ.

ನಿಮಗೂ ಆಡಿ ನೋಡುವ ಆಸೆ ಇದ್ದರೆ ಒಂದು ಮಾತು. ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಎಡದ್ದು ಎಡಗಿವಿಗೇ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಿ. ತಿರುವುಮುರುವಾದರೆ ಶತ್ರು ಎಡಗಡೆ ನಿಂತಿರುತ್ತಾನೆ, ನೀವು ಬಲಕ್ಕೆ ತಿರುಗುತ್ತಿರುತ್ತೀರಿ.