ಡಿವಿಷನ್ 2ರ ಹುಡುಗರು, ಮೇಜರ್ ಲೀಗಿನ ಬಾಗಿಲು

ಅಮೆರಿಕದ ಮೇಜರ್ ಲೀಗ್ ಸಾಕರ್ (ಎಂಎಲ್‌ಎಸ್) ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮೆಸ್ಸಿ, ಅದಕ್ಕೂ ಮೊದಲು ಬೆಕಮ್. ಆದರೆ ಆ ಲೀಗಿನ ಇತಿಹಾಸದಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿ ತೆಗೆದು ನೋಡಿ. ಮೊದಲ ಹೆಸರು ಕ್ರಿಸ್ ವಾಂಡೊಲಾವ್‌ಸ್ಕಿ, 171 ಗೋಲು. ಎರಡನೆಯದು ಕೇ ಕಮಾರಾ. ಇಬ್ಬರೂ ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಿ ಆಡಿದವರು. ಇಬ್ಬರ ಕಾಲೇಜೂ ಎರಡನೇ ದರ್ಜೆಯ ಕ್ರೀಡಾ ವಿಭಾಗದ್ದು. ಅಷ್ಟೇ ಅಲ್ಲ, ಎರಡೂ ಕಾಲೇಜುಗಳು ಒಂದೇ ಪ್ರಾದೇಶಿಕ ಕೂಟದಲ್ಲಿ ಪರಸ್ಪರ ಆಡುತ್ತಿದ್ದವು.

ಇದು ಕಾಕತಾಳೀಯ ಅಂತ ಬಿಟ್ಟುಬಿಡಬಹುದು. ನನಗೇನೋ ಹಾಗೆ ಅನ್ನಿಸುವುದಿಲ್ಲ. ಇಂಥ ಹುಡುಗರು ಮೇಲೆ ಬಂದದ್ದು ಲೀಗಿನ ಪಕ್ಕದ ಬಾಗಿಲುಗಳಿಂದ. ಆ ಬಾಗಿಲು ಕೆಲವು ಕಾಲ ತೆರೆದಿರುತ್ತಿತ್ತು, ಕೆಲವು ಕಾಲ ಮುಚ್ಚಿರುತ್ತಿತ್ತು.

ಮೊದಲು ಈ ದರ್ಜೆಗಳ ವಿಷಯ. ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳಿವೆ. ಡಿವಿಷನ್ 1ರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು, ದೊಡ್ಡ ಬಜೆಟ್. ಪುರುಷರ ಫುಟ್‌ಬಾಲ್ ತಂಡವೊಂದಕ್ಕೆ ಅಲ್ಲಿ ಬಹಳ ವರ್ಷ ಇದ್ದ ಮಿತಿ 9.9 ವಿದ್ಯಾರ್ಥಿವೇತನ. ತಂಡದಲ್ಲಿ ಇಪ್ಪತ್ತೈದು, ಮೂವತ್ತು ಹುಡುಗರು. ಹಾಗಾಗಿ ಆ ಹತ್ತಿರಹತ್ತಿರ ಹತ್ತು ವಿದ್ಯಾರ್ಥಿವೇತನವನ್ನು ತುಂಡು ತುಂಡು ಮಾಡಿ ಹಂಚುತ್ತಿದ್ದರು. ಡಿವಿಷನ್ 2ರಲ್ಲಿ ಮಿತಿ 9. ಡಿವಿಷನ್ 3ರಲ್ಲಿ ಆಟಕ್ಕೆಂದು ಒಂದು ರೂಪಾಯಿಯೂ ಇಲ್ಲ. ಓದಲು ಬಂದವನು ಸಂಜೆ ಆಡುತ್ತಾನೆ, ಅಷ್ಟೇ.

ಆದರೆ ಫುಟ್‌ಬಾಲಿನಲ್ಲಿ ಸಣ್ಣ ಕಾಲೇಜು ಅಂದರೆ ಕಳಪೆ ಆಟ ಅಂತ ಅರ್ಥವಲ್ಲ. ದಕ್ಷಿಣದ ಎಷ್ಟೋ ದೈತ್ಯ ವಿಶ್ವವಿದ್ಯಾಲಯಗಳಿಗೆ ಪುರುಷರ ಫುಟ್‌ಬಾಲ್ ತಂಡವೇ ಇಲ್ಲ. ಟೆಕ್ಸಾಸ್, ಫ್ಲೋರಿಡಾ, ಅಲಬಾಮ, ಯಾವುದನ್ನು ಬೇಕಾದರೂ ನೋಡಿ. ಅಲ್ಲಿ ಹಣ, ಮೈದಾನ, ಜನರ ಹುಚ್ಚು ಎಲ್ಲ ಹೋಗುವುದು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿಗೆ. ಕಾಲಿನಿಂದ ಒದೆಯುವ ಆಟವನ್ನು ಬೆಳೆಸಿದ್ದರಲ್ಲಿ ಸಣ್ಣ ಕಾಲೇಜುಗಳ ಪಾಲು ಜಾಸ್ತಿ.

ನ್ಯೂಯಾರ್ಕ್ ರಾಜ್ಯದ ಒನಿಯಾಂಟ ಎಂಬ ಪುಟ್ಟ ಊರಿನ ಹಾರ್ಟ್‌ವಿಕ್ ಕಾಲೇಜು ಇದಕ್ಕೆ ಒಳ್ಳೆಯ ಸಾಕ್ಷಿ. ಸಾವಿರ ಚಿಲ್ಲರೆ ವಿದ್ಯಾರ್ಥಿಗಳ ಕಾಲೇಜು. 1977ರಲ್ಲಿ ಅದು ಡಿವಿಷನ್ 1ರ ಫೈನಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯವನ್ನು 2-1ರಿಂದ ಸೋಲಿಸಿ ದೇಶಕ್ಕೇ ಚಾಂಪಿಯನ್ ಆಯಿತು. ಅದೇ ವರ್ಷ ಆ ಕಾಲೇಜಿನ ಗ್ಲೆನ್ ಮೈಯರ್ನಿಕ್ ವೃತ್ತಿಪರ ಲೀಗಿನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಕಾಲೇಜು ಹುಡುಗರನ್ನು ಆರಿಸುವಾಗ, ಮೊಟ್ಟಮೊದಲು ಆಯ್ಕೆಯಾದ ಹುಡುಗ. ಆಗಿನ ಲೀಗು ನಾರ್ತ್ ಅಮೆರಿಕನ್ ಸಾಕರ್ ಲೀಗ್, ಪೆಲೆ ಬಂದು ಆಡಿದ್ದು ಅದರಲ್ಲೇ. ಒನಿಯಾಂಟದಲ್ಲಿ ಬಹಳ ವರ್ಷ ರಾಷ್ಟ್ರೀಯ ಸಾಕರ್ ಹಾಲ್ ಆಫ್ ಫೇಮ್ ಕೂಡ ಇತ್ತು. 2010ರಲ್ಲಿ ಅದು ಬಾಗಿಲು ಹಾಕಿತು. 2018ರಲ್ಲಿ ಹಾರ್ಟ್‌ವಿಕ್ ತಂಡವೂ ಡಿವಿಷನ್ 1 ಬಿಟ್ಟು 3ಕ್ಕೆ ಇಳಿಯಿತು.

ಅದಕ್ಕೂ ಹಿಂದಿನ ಕಥೆ ಕೈಲ್ ರೋಟ್ ಜೂನಿಯರ್‌ದು. ಅಪ್ಪ ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರ. ಮಗನೂ ಅದೇ ಆಟಕ್ಕೆ ಒಕ್ಲಹೋಮಾ ಸ್ಟೇಟ್ ಸೇರಿ, ಆಮೇಲೆ ಟೆನೆಸ್ಸಿಯ ಬೆಟ್ಟದ ಮೇಲಿನ ಸುವಾನೀ ಎಂಬ ಸಣ್ಣ ಕಾಲೇಜಿಗೆ ಬಂದ. 1972ರಲ್ಲಿ ಡಲ್ಲಾಸ್ ಟೊರ್ನಾಡೊ ಅವನನ್ನು ತೆಗೆದುಕೊಂಡಿತು. 1973ರಲ್ಲಿ, ಮೈದಾನಕ್ಕಿಳಿದ ಮೊದಲ ಸೀಸನ್‌ನಲ್ಲೇ, 10 ಗೋಲು, 10 ಅಸಿಸ್ಟ್ (ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್) ಗಳಿಸಿ ಅಂಕಪಟ್ಟಿಯಲ್ಲಿ ಇಡೀ ಲೀಗಿಗೆ ಮೊದಲಿಗನಾದ. ಸಂಬಳ ಎಷ್ಟು ಗೊತ್ತಾ? ಇಡೀ ಸೀಸನ್‌ಗೆ 1,400 ಡಾಲರ್. ಮುಂದಿನ ವರ್ಷ ಬೇರೆ ಬೇರೆ ಆಟಗಳ ತಾರೆಯರನ್ನು ಸೇರಿಸಿ ಓಟ, ಈಜು, ಟೆನಿಸ್ ಆಡಿಸುವ ಟಿವಿ ಸ್ಪರ್ಧೆಯೊಂದನ್ನು ಗೆದ್ದಾಗ ಇದರ ಎಷ್ಟೋ ಪಟ್ಟು ಹಣ ಅವನ ಕೈಸೇರಿತು. ಲೀಗ್ ಕೊಡದ ಬೆಲೆಯನ್ನು ಟಿವಿ ಕೊಟ್ಟಿತು!

1984ರ ಸೀಸನ್ ಮುಗಿಸಿ ಆ ಲೀಗು ನೆಲಕಚ್ಚಿತು. ಆಮೇಲೆ ಹನ್ನೊಂದು ವರ್ಷ ಅಮೆರಿಕದಲ್ಲಿ ಹೊರಾಂಗಣ ಫುಟ್‌ಬಾಲಿಗೆ ಮೊದಲ ದರ್ಜೆಯ ಲೀಗೇ ಇರಲಿಲ್ಲ. ಆ ಕಾಲದ ಕಾಲೇಜು ಹುಡುಗರು ಒಳಾಂಗಣ ಲೀಗಿಗೆ ಹೋದರು, ಇಲ್ಲ ಆಟ ಬಿಟ್ಟರು, ಇಲ್ಲ ದೇಶ ಬಿಟ್ಟರು. ಡಾನ್ ಕ್ಯಾಲಿಚ್‌ಮನ್ ದೇಶ ಬಿಟ್ಟವರಲ್ಲಿ ಒಬ್ಬ. ಡಿವಿಷನ್ 3ರ ವಿಲಿಯಮ್ಸ್ ಕಾಲೇಜಿನಲ್ಲಿ ಓದಿ ಸೀದಾ ಜಪಾನಿನ ಹಿರೋಶಿಮಾಗೆ ಹೋಗಿ ಆಡಿದ. 1994ರ ವಿಶ್ವಕಪ್ ನಡೆಸುವ ಅವಕಾಶ ಸಿಕ್ಕಾಗ ವೃತ್ತಿಪರ ಲೀಗ್ ಕಟ್ಟುತ್ತೇವೆ ಅಂತ ಅಮೆರಿಕ ಮಾತು ಕೊಟ್ಟಿತ್ತು. ಅದರಂತೆ 1996ರಲ್ಲಿ ಹತ್ತು ತಂಡಗಳೊಂದಿಗೆ ಎಂಎಲ್‌ಎಸ್ ಶುರುವಾದಾಗ ಕ್ಯಾಲಿಚ್‌ಮನ್ ಲಾಸ್ ಏಂಜಲಿಸ್ ಗ್ಯಾಲಕ್ಸಿಯ ರಕ್ಷಣಾ ಸಾಲಿನಲ್ಲಿದ್ದ. ಮುಂದೆ ದೇಶದ ತಂಡಕ್ಕೂ ಆಡಿದ.

ಹೊಸ ಲೀಗಿಗೆ ಆಟಗಾರರು ಬೇಕಿತ್ತು, ಅದೂ ಅಗ್ಗದಲ್ಲಿ. ಯುರೋಪಿನಂತೆ ಹತ್ತು ವರ್ಷದ ಮಕ್ಕಳನ್ನು ಹಿಡಿದು ಬೆಳೆಸುವ ಅಕಾಡೆಮಿಗಳು ಆಗ ಇರಲಿಲ್ಲ. ಇದ್ದದ್ದು ಕಾಲೇಜುಗಳು. ಹಾಗಾಗಿ ಡ್ರಾಫ್ಟ್ ಬಂತು. ಇದನ್ನು ಐಪಿಎಲ್ ಹರಾಜಿನ ಜೊತೆ ಕಲಸಬೇಡಿ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ತಂಡಗಳು ಸರದಿಯಲ್ಲಿ ಒಬ್ಬೊಬ್ಬರ ಹೆಸರು ಹೇಳುತ್ತವೆ. ಹಿಂದಿನ ವರ್ಷ ಕೆಳಗಿದ್ದವರಿಗೆ ಮೊದಲ ಸರದಿ. ಹುಡುಗನಿಗೆ ತಂಡ ಆರಿಸುವ ಹಕ್ಕಿಲ್ಲ. ಹೆಸರು ಬಂದರೂ ಕೆಲಸ ಖಾತ್ರಿಯಲ್ಲ. ಜನವರಿಯಲ್ಲಿ ತರಬೇತಿ ಶಿಬಿರಕ್ಕೆ ಹೋಗಬೇಕು, ಕೋಚ್ ಒಪ್ಪಿದರೆ ಉಂಟು, ಇಲ್ಲದಿದ್ದರೆ ಮನೆಗೆ.

2000ದಿಂದ ಇದಕ್ಕೆ ಸೂಪರ್‌ಡ್ರಾಫ್ಟ್ ಅಂತ ಹೆಸರಾಯಿತು. ಆಗ ಆರು ಸುತ್ತು. 2005ರಲ್ಲಿ ಅದನ್ನು ನಾಲ್ಕಕ್ಕೆ ಇಳಿಸಿ, ಉಳಿದವರಿಗೆಂದು ಸಪ್ಲಿಮೆಂಟಲ್ ಡ್ರಾಫ್ಟ್ ಅಂತ ಬೇರೆಯದೇ ಇಟ್ಟರು. ಟಿವಿ ಇಲ್ಲ, ವೇದಿಕೆ ಇಲ್ಲ. ದೊಡ್ಡ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರ ಪಟ್ಟಿ ಅದು. ಅದರ ನಾಲ್ಕನೇ ಸುತ್ತಿನಲ್ಲಿ, 41ನೆಯವನಾಗಿ, ಸ್ಯಾನ್ ಹೋಸೆ ಅರ್ತ್‌ಕ್ವೇಕ್ಸ್ ತೆಗೆದುಕೊಂಡ ಹುಡುಗ ವಾಂಡೊಲಾವ್‌ಸ್ಕಿ.

ಅವನ ಕಾಲೇಜು ಚೀಕೊ ಸ್ಟೇಟ್. ಕ್ಯಾಲಿಫೋರ್ನಿಯಾದ ಉತ್ತರಕ್ಕೆ, ಬಾದಾಮಿ ತೋಟಗಳ ಸೀಮೆಯಲ್ಲಿದೆ. 2003ರಲ್ಲಿ ಆ ತಂಡ ಡಿವಿಷನ್ 2ರ ಫೈನಲ್ ತನಕ ಹೋಗಿ ಫ್ಲೋರಿಡಾದ ಲಿನ್ ವಿಶ್ವವಿದ್ಯಾಲಯದ ವಿರುದ್ಧ 2-1ರಿಂದ ಸೋತಿತ್ತು. ಎಂಎಲ್‌ಎಸ್‌ಗೆ ಬಂದ ಹುಡುಗನಿಗೆ ಸಿಕ್ಕಿದ್ದು ಡೆವಲಪ್‌ಮೆಂಟಲ್ ಆಟಗಾರ ಎಂಬ ಕೆಳಗಿನ ದರ್ಜೆಯ ಒಪ್ಪಂದ. 2007ರಲ್ಲಿ ಕೂಡ ಈ ದರ್ಜೆಯವರ ಕನಿಷ್ಠ ವಾರ್ಷಿಕ ಸಂಬಳ 12,900 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಅದು ಮನೆ ಬಾಡಿಗೆಗೂ ಸಾಲದು. ಆ ವರ್ಷವೇ ಬೆಕಮ್ ಬಂದದ್ದು ಅನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ.

2006ರಲ್ಲಿ ಸ್ಯಾನ್ ಹೋಸೆ ತಂಡ ಆಟಗಾರರ ಸಮೇತ ಹೂಸ್ಟನ್‌ಗೆ ಎದ್ದುಹೋಯಿತು. ವಾಂಡೊ ಕೂಡ ಹೋದ. ಅಲ್ಲಿ ಅವನ ಆಟ ಹೆಚ್ಚಾಗಿ ನಡೆದದ್ದು ರಿಸರ್ವ್ ಲೀಗಿನಲ್ಲಿ, ಅಂದರೆ ಬೆಂಚಿನವರಿಗೆಂದು ನಡೆಸುತ್ತಿದ್ದ ಪಂದ್ಯಗಳಲ್ಲಿ. 2008ರಲ್ಲಿ ಕೇ ಕಮಾರಾ ಕೂಡ ಅದೇ ಹೂಸ್ಟನ್‌ಗೆ ಬಂದ. ಹೀಗೆ ಮುಂದೆ ಲೀಗಿನ ದಾಖಲೆ ಪಟ್ಟಿಯಲ್ಲಿ ಒಂದು, ಎರಡು ಆಗುವವರು ಒಂದೇ ತಂಡದಲ್ಲಿದ್ದರು. 2009ರಲ್ಲಿ ಹೂಸ್ಟನ್ ಇಬ್ಬರನ್ನೂ ಬೇರೆ ತಂಡಗಳಿಗೆ ದಾಟಿಸಿತು! ಹೂಸ್ಟನ್‌ನವರನ್ನು ಬೈದು ಪ್ರಯೋಜನವಿಲ್ಲ. ಆಗ ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ.

2009 ಮುಗಿಯುವಾಗ ವಾಂಡೊ ಖಾತೆಯಲ್ಲಿ ಹತ್ತು ಗೋಲೂ ಇರಲಿಲ್ಲ. ವಯಸ್ಸು 26 ದಾಟಿತ್ತು. ಮತ್ತೆ ಹುಟ್ಟಿದ ಸ್ಯಾನ್ ಹೋಸೆ ತಂಡಕ್ಕೆ ಮರಳಿದ್ದ. 2010ರಲ್ಲಿ 18 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದ. 2012ರಲ್ಲಿ 27 ಹೊಡೆದು ಒಂದು ಸೀಸನ್ನಿನ ಆಗಿನ ದಾಖಲೆ ಸರಿಗಟ್ಟಿದ, ಲೀಗಿನ ಅತ್ಯುತ್ತಮ ಆಟಗಾರನಾದ. ಸತತ ಹತ್ತು ಸೀಸನ್ ಎರಡಂಕಿ ಗೋಲು. 2019ರ ಮೇ ತಿಂಗಳಲ್ಲಿ ಶಿಕಾಗೊ ಎದುರು ಒಂದೇ ಪಂದ್ಯದಲ್ಲಿ ನಾಲ್ಕು ಹೊಡೆದು ಲ್ಯಾಂಡನ್ ಡೊನವನ್‌ನ 145ರ ದಾಖಲೆ ದಾಟಿದ. ಅವನ ಗೋಲುಗಳ ವಿಡಿಯೊ ನೋಡಿದರೆ ಚಮತ್ಕಾರ ಏನೂ ಕಾಣುವುದಿಲ್ಲ. ಬಾಲ್ ಎಲ್ಲಿ ಬೀಳುತ್ತದೋ ಅಲ್ಲಿ ಇವನಿರುತ್ತಾನೆ, ಅಷ್ಟೇ. ಈ ಗುಣ ಒಂದು ದಿನದ ಟ್ರಯಲ್‌ನಲ್ಲಿ ಯಾವ ಕೋಚ್ ಕಣ್ಣಿಗೂ ಬೀಳುವುದಿಲ್ಲ. ಗೊತ್ತಾಗಲು ವರ್ಷಗಳು ಬೇಕು. ಆ ವರ್ಷಗಳನ್ನು ಕೊಟ್ಟಿದ್ದು ಅದೇ ಚಿಲ್ಲರೆ ಸಂಬಳದ ಒಪ್ಪಂದ ಮತ್ತು ರಿಸರ್ವ್ ಲೀಗು.

ಕಮಾರಾನ ಹಾದಿ ಸ್ವಲ್ಪ ಬೇರೆ. ಸಿಯೆರಾ ಲಿಯೋನ್‌ನ ಕೆನೆಮಾದಲ್ಲಿ ಹುಟ್ಟಿದವನು. ಅಂತರ್ಯುದ್ಧದಿಂದ ಓಡಿ, ಗ್ಯಾಂಬಿಯಾ ಮೂಲಕ, ಹದಿಹರೆಯದಲ್ಲಿ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದ. ಸೇರಿದ್ದು ಕ್ಯಾಲ್ ಸ್ಟೇಟ್ ಡೊಮಿಂಗೆಜ್ ಹಿಲ್ಸ್. ಲಾಸ್ ಏಂಜಲಿಸ್ ಗ್ಯಾಲಕ್ಸಿಯ ದೊಡ್ಡ ಸ್ಟೇಡಿಯಂ ಇರುವುದು ಇದೇ ಕಾಲೇಜಿನ ಆವರಣದಲ್ಲಿ. ಬೇರೆಲ್ಲ ಸಣ್ಣ ಕಾಲೇಜಿನವರು ವೃತ್ತಿಪರರ ಕಣ್ಣಿಗೆ ಬೀಳಲು ಊರೂರು ಅಲೆಯಬೇಕು. ಇಲ್ಲಿ ವೃತ್ತಿಪರರೇ ಕ್ಯಾಂಪಸ್ಸಿಗೆ ಬರುತ್ತಾರೆ. ಇದು ಎಷ್ಟು ನೆರವಾಯಿತೋ ಏನೋ, 2006ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ, ಒಂಬತ್ತನೆಯವನಾಗಿ, ಕೊಲಂಬಸ್ ಕ್ರೂ ಅವನನ್ನು ಆರಿಸಿತು. ಆದರೂ ನೆಲೆ ಸಿಕ್ಕಲಿಲ್ಲ. ಹತ್ತಕ್ಕೂ ಹೆಚ್ಚು ಎಂಎಲ್‌ಎಸ್ ತಂಡಗಳ ಅಂಗಿ ತೊಟ್ಟ. 2024ರಲ್ಲಿ ಅವನೂ ಡೊನವನ್‌ನನ್ನು ದಾಟಿದ.

ಇವರಿಬ್ಬರು ಮೇಲೇರುತ್ತಿದ್ದ ಹೊತ್ತಿಗೇ ಕೆಳಗಿನ ಮೆಟ್ಟಿಲುಗಳು ಬದಲಾಗತೊಡಗಿದ್ದವು. 2007ರಲ್ಲಿ ದೇಶದ ಫುಟ್‌ಬಾಲ್ ಸಂಸ್ಥೆ ಡೆವಲಪ್‌ಮೆಂಟ್ ಅಕಾಡೆಮಿ ಶುರುಮಾಡಿತು. ಮರುವರ್ಷ ಹೋಮ್‌ಗ್ರೋನ್ ನಿಯಮ ಬಂತು. ತಾವೇ ಅಕಾಡೆಮಿಯಲ್ಲಿ ಬೆಳೆಸಿದ ಹುಡುಗನನ್ನು ಡ್ರಾಫ್ಟಿಗೆ ಹಾಕದೆ ಕ್ಲಬ್ ನೇರವಾಗಿ ಸೇರಿಸಿಕೊಳ್ಳಬಹುದು. ಕ್ಲಬ್ಬುಗಳ ದೃಷ್ಟಿಯಲ್ಲಿ ಇದು ಸರಿಯಾದ ಲೆಕ್ಕವೇ. ಆದರೆ ಹದಿನಾಲ್ಕಕ್ಕೆ ಆಯ್ಕೆಯಾಗದ ಹುಡುಗ ಇಪ್ಪತ್ತೆರಡಕ್ಕೆ ಕದ ತಟ್ಟುವ ಹೊತ್ತಿಗೆ ಒಳಗೆ ಜಾಗ ತುಂಬಿರುತ್ತದೆ. ಮೊದಲ ರಿಸರ್ವ್ ಲೀಗು 2008ಕ್ಕೆ ನಿಂತಿತು. ಸಪ್ಲಿಮೆಂಟಲ್ ಡ್ರಾಫ್ಟ್ ಒಮ್ಮೆ ನಿಂತು, ಮತ್ತೆ ಬಂದು, 2013ಕ್ಕೆ ಮುಗಿಯಿತು. ಸೂಪರ್‌ಡ್ರಾಫ್ಟ್ ಈಗ ಮೂರೇ ಸುತ್ತು, ಅದೂ ಆನ್‌ಲೈನ್‌ನಲ್ಲಿ. ಕೊನೆಕೊನೆಗೆ ಹಲವು ತಂಡಗಳು ಯಾರ ಹೆಸರನ್ನೂ ಹೇಳದೆ ಸುಮ್ನೆ ಸರದಿ ಬಿಟ್ಟುಕೊಡುತ್ತವೆ.

ಅಷ್ಟಾಗಿ ಮಾತಿಗೆ ಬರದ ಇನ್ನೊಂದು ಬದಲಾವಣೆ ಕಾಲೇಜುಗಳ ಒಳಗೇ ಆಗಿದೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಆನ್‌ಲೈನ್ ಪಟ್ಟಿ, ಬಂತು. ಕಾಲೇಜು ಬದಲಿಸುವುದು ಮೊದಲಿಗಿಂತ ಸುಲಭವಾಯಿತು. ಡಿವಿಷನ್ 2ರಲ್ಲಿ ಎರಡು ಸೀಸನ್ ಚೆನ್ನಾಗಿ ಗೋಲು ಹೊಡೆದವನಿಗೆ ದೊಡ್ಡ ವಿಶ್ವವಿದ್ಯಾಲಯದ ಕೋಚ್ ಕರೆ ಮಾಡುತ್ತಾನೆ. ಹುಡುಗ ಹೋಗದೆ ಇರುತ್ತಾನಾ? ಇವತ್ತು ಒಬ್ಬ ವಾಂಡೊಲಾವ್‌ಸ್ಕಿ ಚೀಕೊದಲ್ಲಿದ್ದರೆ ಬಹುಶಃ ನಾಲ್ಕನೇ ವರ್ಷ ಅವನು ಅಲ್ಲಿರುವುದಿಲ್ಲ. ಡ್ರಾಫ್ಟ್ ಪಟ್ಟಿಯಲ್ಲಿ ಹೆಸರಿನ ಪಕ್ಕ ಬರುವುದು ದೊಡ್ಡ ಕಾಲೇಜಿನ ಹೆಸರು. ಹುಡುಗನಿಗೆ ಲಾಭ, ಬೆಳೆಸಿದ ಕಾಲೇಜಿಗೆ ಏನೂ ಇಲ್ಲ.

ಹಾಗಂತ ಎಲ್ಲವೂ ಮುಚ್ಚಿಹೋಗಿಲ್ಲ. 2022ರಲ್ಲಿ ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಎಂಬ ಕೆಳಹಂತದ ಲೀಗು ಶುರುವಾಯಿತು. ಹಳೆಯ ರಿಸರ್ವ್ ಲೀಗಿಗಿಂತ ಎಷ್ಟೋ ಅಚ್ಚುಕಟ್ಟು. ಯುಎಸ್‌ಎಲ್ ಎಂಬ ಬೇರೆ ಸಂಸ್ಥೆಯ ಎರಡು ಹಂತದ ವೃತ್ತಿಪರ ಲೀಗುಗಳಿವೆ. ಬೇಸಿಗೆ ರಜೆಯಲ್ಲಿ ಕಾಲೇಜು ಹುಡುಗರು ಸಂಬಳವಿಲ್ಲದೆ ಆಡುವ, ಅದೇ ಸಂಸ್ಥೆಯ ಲೀಗ್ ಟು ಇದೆ. ವಾಂಡೊ ಅದರ ಹಿಂದಿನ ರೂಪದಲ್ಲಿ ಚೀಕೊ ರೂಕ್ಸ್ ಎಂಬ ಊರ ತಂಡಕ್ಕೆ ಆಡಿದ್ದ. ಸಣ್ಣ ಕಾಲೇಜಿನವನು ಈಗ ಮೊದಲು ಇಂಥ ಕಡೆ ಎರಡು ಮೂರು ವರ್ಷ ಸವೆಸಿ ಆಮೇಲೆ ಮೇಲೆ ನೋಡಬೇಕು.

ಮುಂದಿನ ದೊಡ್ಡ ಬದಲಾವಣೆ ಕ್ಯಾಲೆಂಡರಿನದು. ಇದುವರೆಗೆ ಎಂಎಲ್‌ಎಸ್ ಸೀಸನ್ ವರ್ಷದ ಆರಂಭದಲ್ಲಿ ಶುರುವಾಗಿ ಡಿಸೆಂಬರ್ ಹೊತ್ತಿಗೆ ಮುಗಿಯುತ್ತಿತ್ತು. ಕಾಲೇಜು ಸೀಸನ್ ಆಗಸ್ಟ್ ಕೊನೆಯಿಂದ ಡಿಸೆಂಬರ್ ತನಕ. ಹೀಗಾಗಿ ಕೊನೆಯ ವರ್ಷದ ಹುಡುಗ ಡಿಗ್ರಿಗೆ ಒಂದು ಸೆಮಿಸ್ಟರ್ ಬಾಕಿ ಇರುವಾಗಲೇ ಜನವರಿಯಲ್ಲಿ ಶಿಬಿರಕ್ಕೆ ಹೊರಡುತ್ತಿದ್ದ. 2027ರ ಜುಲೈನಿಂದ ಎಂಎಲ್‌ಎಸ್ ಯುರೋಪಿನ ಲೆಕ್ಕಕ್ಕೆ ಹೊರಳಲಿದೆ. ಆಗ ಡಿಸೆಂಬರ್ ಅಂದರೆ ಕ್ಲಬ್ಬಿಗೆ ಸೀಸನ್ನಿನ ನಟ್ಟನಡುವೆ. ಕಾಲೇಜು ಹುಡುಗನನ್ನು ಕರೆದು ನೋಡುವ ಪುರುಸೊತ್ತು ಯಾವ ಕೋಚಿಗೂ ಇರದು. ಆದರೆ ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿದವನು ಕೆಲವೇ ವಾರಗಳಲ್ಲಿ ಹೊಸ ಸೀಸನ್ನಿನ ಶಿಬಿರಕ್ಕೆ ಹೋಗಬಹುದು. ಡಿವಿಷನ್ 1ರಲ್ಲಿ ಕಾಲೇಜು ಸೀಸನ್ನನ್ನೇ ವಸಂತದವರೆಗೆ ಎಳೆಯುವ ಮಾತು ವರ್ಷಗಳಿಂದ ನಡೆದಿದೆ. ಅದು ಜಾರಿಯಾದರೆ ದೊಡ್ಡ ಕಾಲೇಜಿನವರು ಆಟದ ಬಿಸಿಯಲ್ಲೇ ಶಿಬಿರಕ್ಕೆ ಬರುತ್ತಾರೆ. ಡಿಸೆಂಬರ್‌ಗೇ ಆಟ ಮುಗಿಸಿದ ಸಣ್ಣ ಕಾಲೇಜಿನವನು ಆ ಐದಾರು ತಿಂಗಳು ಎಲ್ಲಿ ಆಡಬೇಕು ಅನ್ನುವುದಕ್ಕೆ ಸದ್ಯಕ್ಕೆ ಯಾವ ಏರ್ಪಾಡೂ ಕಾಣುತ್ತಿಲ್ಲ.